ಮಧುಚಂದ್ರದಲ್ಲಿ ಸೀನಿಗೇನು ಕೆಲಸ?

ಮದುವೆಯ ಗದ್ದಲ ಮುಗಿದಿದೆ. ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ಹುಟ್ಟಿ ಬೆಳೆದ ಕನ್ಯೆಯೊಬ್ಬಳು ಬೆಂಗಳೂರಿನ ಸೊಸೆಯಾಗಿ, ಪತಿಯೊಡನೆ ಜೋಗದ ಕಡೆಗೆ ಹೊರಟಿದ್ದಾಳೆಂದು ಭಾವಿಸಿಕೊಳ್ಳಿ. ರೇಷ್ಮೆ ಸೀರೆ, ಉಣ್ಣೆಯ ಶಾಲು, ಅತ್ತೆ ಕಟ್ಟಿಕೊಟ್ಟ ಚಕ್ಕುಲಿ ಎಲ್ಲವೂ ಪೆಟ್ಟಿಗೆ ಸೇರಿವೆ. ಸೇರದೆ ಉಳಿದುದು ಒಂದೇ: ಚಿಕ್ಕಂದಿನಿಂದ ಅವಳು ಬಳಸುತ್ತಿದ್ದ ಉಬ್ಬಸದ ಇನ್‌ಹೇಲರ್. “ಅತ್ತೆಯ ಮನೆಯವರು ಏನೆಂದುಕೊಂಡಾರು?” ಎಂಬ ಅಂಜಿಕೆಯಿಂದ ಅದನ್ನು ತವರಿನಲ್ಲೇ ಬಿಟ್ಟುಬಂದಿದ್ದಾಳೆ. ಈ ಚಿತ್ರ ಕಾಲ್ಪನಿಕ. ಆದರೆ ಇಂಥ ಸಂಕೋಚ ನಮ್ಮ ಮನೆಗಳಲ್ಲಿ ಇಲ್ಲವೆನ್ನಲಾದೀತೆ?

ಆ ಸೀಮೆಯವರಿಗೆ ಸೀನು ಹೊಸದೇನಲ್ಲ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳು ಪೇಟೆಯಲ್ಲಿ ಬಾಯ್ದೆರೆದಾಗ ಹೊಸಬರ ಮೂಗು ಸುಮ್ಮನಿರದು. ಆದರೆ ಅದು ಸಾಮಾನ್ಯವಾಗಿ ಅಲರ್ಜಿಯಲ್ಲ. ಮೆಣಸಿನ ಧೂಳು ಯಾರ ಮೂಗನ್ನಾದರೂ ಕೆರಳಿಸೀತು, ಉಬ್ಬಸದವರನ್ನು ಇನ್ನಷ್ಟು ಕಾಡೀತು. ಅಲರ್ಜಿಯ ಬಗೆಯೇ ಬೇರೆ. ಹತ್ತು ಮಂದಿಗೆ ನಿರಪಾಯವಾದ ವಸ್ತುವನ್ನು ಒಬ್ಬರ ದೇಹ ಮಾತ್ರ ಶತ್ರುವೆಂದು ಬಗೆದು ಕಾಳಗಕ್ಕೆ ನಿಲ್ಲುತ್ತದೆ. ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಊರಿನ ಧೂಳು ಬಿಟ್ಟು ಹಸಿರು ನಾಡಿಗೆ ಹೋದರೆ ಬಾಧೆ ತಪ್ಪೀತೆ? ತಪ್ಪಲೇಬೇಕೆಂದಿಲ್ಲ. ಮಳೆಗಾಲದಲ್ಲಿ 253 ಮೀಟರು ಎತ್ತರದಿಂದ ಧುಮುಕುವ ಶರಾವತಿಯ ದೃಶ್ಯ ಮನೋಹರವೇ ಸರಿ. ಆದರೆ ಅಲ್ಲಿನ ತೇವವು ಮುಚ್ಚಿದ ಕೋಣೆಯ ಗೋಡೆಗೆ ಬೂಷ್ಟು ಹಿಡಿಸುತ್ತದೆ. ಹಾಸಿಗೆ ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳು ಹೆಚ್ಚುತ್ತವೆ. ಇವು ನೀರು ಕುಡಿಯವು. ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ಆದುದರಿಂದ ಗಾಳಿ ಬೆಳಕು ಬರುವ ಕೋಣೆಯನ್ನೇ ಕೇಳಿ ಪಡೆಯಿರಿ. ಬಾಗಿಲು ತೆರೆದೊಡನೆ ಮುಗ್ಗುಲು ವಾಸನೆ ಬಂದರೆ ದಾಕ್ಷಿಣ್ಯವಿಲ್ಲದೆ ಬೇರೆ ಕೋಣೆ ಕೇಳಿರಿ. ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿದ ದಿಂಬಿನ ಚೀಲ, ಹೊದಿಕೆಗಳನ್ನು ಮನೆಯಿಂದಲೇ ಒಯ್ಯುವುದು ಲೇಸು. ಊದುಬತ್ತಿಯ ಹೊಗೆ, ಅತ್ತರು, ಹಾಸಿಗೆಯ ಮೇಲೆ ಹರಡಿದ ಸುಗಂಧರಾಜದ ಘಾಟು ಇವು ಪ್ರಣಯಕ್ಕೆ ಒಪ್ಪಿದರೂ ಎಲ್ಲರ ಉಸಿರಿಗೆ ಒಪ್ಪಲಾರವು.

ದಾರಿಬದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವಾಗ ಬಿಳಿ ಹೂವಿನ ಪಾರ್ಥೇನಿಯಂ ಪೊದೆಯಿಂದ ದೂರವಿರಿ. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ನಾಡೆಲ್ಲ ಹಬ್ಬಿದ ಈ ‘ಕಾಂಗ್ರೆಸ್ ಗಿಡ’ ಮುಖ, ಕತ್ತು, ತೋಳುಗಳಲ್ಲಿ ತುರಿಕೆಯೆಬ್ಬಿಸಬಲ್ಲದು.

ಊಟದ ವಿಷಯ ಇನ್ನೂ ಗಂಭೀರವಾದುದು. ಸಿಗಡಿಯೋ ಶೇಂಗಾವೋ ಒಗ್ಗದವರಿಗೆ “ಒಂದು ತುತ್ತು ತಿಂದರೇನಾದೀತು?” ಎಂದು ಬಲವಂತ ಮಾಡುವುದು ಉಪಚಾರವಲ್ಲ, ಅಪಾಯ. ತಿಂದ ಬಳಿಕ ತುಟಿ ನಾಲಗೆಗಳು ಊದಿ ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರತಕ್ಕದ್ದು. ಆಗ ಜೀವ ಉಳಿಸುವ ಮೊದಲ ಔಷಧಿ ಅಡ್ರಿನಲಿನ್ ಚುಚ್ಚುಮದ್ದು.

ಹೊರಡುವ ಮುನ್ನ ವೈದ್ಯರನ್ನು ಕಾಣಿರಿ. ಔಷಧಿ ಪೆಟ್ಟಿಗೆಯ ತಳದಲ್ಲಿರದೆ ಕೈಚೀಲದಲ್ಲಿರಲಿ. ಇನ್‌ಹೇಲರ್ ಬಳಸಿದರೆ ಅದೇ ಚಟವಾಗುವುದೆಂಬ ಭಯ ನಿರಾಧಾರವಾದುದು. ಎಲ್ಲಕ್ಕೂ ಮಿಗಿಲಾದ ಮದ್ದು ಮಾತ್ರ ಅಂಗಡಿಯಲ್ಲಿ ಸಿಗದು. ಅದು ಪರಸ್ಪರ ಮನಬಿಚ್ಚಿ ಆಡುವ ಮಾತು.

ನಮ್ಮ ಕುಪ್ಪೇಲೂರಿನ ವಧು ತಾಳಗುಪ್ಪದ ರೈಲಿನಲ್ಲಿ ಧೈರ್ಯಮಾಡಿ, “ನಿಮಗೊಂದು ಮಾತು ಹೇಳಬೇಕಿತ್ತು, ರೀ” ಎಂದಳೆನ್ನಿ. ಎಲ್ಲವನ್ನೂ ಕೇಳಿದ ಪತಿರಾಯ ನಕ್ಕು, “ಬದನೆಕಾಯಿ ತಿಂದರೆ ನನ್ನ ಮೈಯೆಲ್ಲ ತುರಿಕೆ. ನಿಮ್ಮಮ್ಮ ಎಣ್ಣೆಗಾಯಿ ಬಡಿಸಿದಾಗ ನಾನೂ ಬಾಯಿಬಿಡಲಿಲ್ಲ. ಸಾಗರದಲ್ಲಿ ಇಳಿದೊಡನೆ ಮೊದಲು ವೈದ್ಯರನ್ನು ಕಾಣೋಣ, ಜೋಗ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದನು.

ಅವರ ಮಧುಚಂದ್ರ ಅಲ್ಲಿಂದ ಆರಂಭವಾಯಿತೆಂದರೆ ತಪ್ಪಾಗಲಾರದು.