ಪುಟಾಣಿ ನಾಯಿಯ ಊಟಕ್ಕೂ ಇರಲಿ ಹೊತ್ತು ಗೊತ್ತು

ಮನೆಗೆ ಪುಟ್ಟದೊಂದು ಪಗ್ಗೋ, ಪೊಮೇರಿಯನ್ನೋ, ಶಿಟ್ಜುವೋ ಬಂದಿದೆ ಅಂದ್ಕೊಳ್ಳಿ. ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ಹೆಸರಿಡೋದು, ಫೋಟೊ ತೆಗೆಯೋದು, ಎತ್ತಿಕೊಂಡು ಓಡಾಡೋದು ಅವರ ಕೆಲಸ. ಊಟ ಹಾಕೋದು ಮಾತ್ರ ನಿಮ್ಮ ಪಾಲಿಗೇ! ಬೆಳಿಗ್ಗೆ ತಿಂಡಿ, ಟಿಫನ್ ಡಬ್ಬಿ, ಸ್ಕೂಲ್ ವ್ಯಾನಿನ ಗಡಿಬಿಡಿ. ಇದರ ಮಧ್ಯೆ ನಾಯಿಗೂ ಒಂದು ಟೈಮ್ ಟೇಬಲ್ ಅಂದ್ರೆ ಯಾರ ಕೈಲಾಗುತ್ತೆ? ಬಟ್ಟಲು ತುಂಬ ಡಾಗ್ ಫುಡ್ ಸುರಿದಿಟ್ಟರೆ ಹಸಿವಾದಾಗ ತಾನೇ ತಿನ್ಕೊಳ್ಳುತ್ತೆ ಅಂತ ಅನ್ನಿಸೋದು ಸಹಜ.

ಆದರೆ ಪಕ್ಕದ ಫ್ಲ್ಯಾಟಿನವರು ಹೇಳೋದೇ ಬೇರೆ. 'ಹಾಗೆಲ್ಲ ಇಡಬೇಡಿ, ದಿನಕ್ಕೆ ಎರಡೇ ಹೊತ್ತು ಹಾಕಿ' ಅಂತಾರೆ. ಹಾಗಾದರೆ ಯಾವುದು ಸರಿ? ಇಡೀ ದಿನ ತುಂಬಿದ ಬಟ್ಟಲೋ, ಗೊತ್ತಾದ ಹೊತ್ತಿಗೆ ಅಳೆದು ಹಾಕುವ ಊಟವೋ?

ಮನೆಯಲ್ಲೇ ಇರುವ, ಹೆಚ್ಚು ಓಡಾಟವಿಲ್ಲದ ಪುಟ್ಟ ನಾಯಿಗಳಿಗೆ ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಹಾಕುವ ಊಟವೇ ಒಳ್ಳೆಯದು. ಶಿಸ್ತು ಕಲಿಸೋದಕ್ಕಷ್ಟೇ ಅಲ್ಲ. ನಿಮ್ಮ ನಾಯಿ ಎಷ್ಟು ತಿಂದಿತು, ಎಷ್ಟು ಬಿಟ್ಟಿತು ಅನ್ನೋದು ನಿಮ್ಮ ಕಣ್ಣಿಗೆ ಬೀಳೋದು ಹಾಗೆ ಹಾಕಿದಾಗ ಮಾತ್ರ. ಎಷ್ಟೋ ಸಲ ಅದರ ಜೀವ ಉಳಿಯೋದು ಈ ಒಂದು ಲೆಕ್ಕದಿಂದಲೇ.

ಬಟ್ಟಲು ಹೇಳುವ ಸುದ್ದಿ

ನಾಯಿಗೆ 'ನಂಗೆ ಹುಷಾರಿಲ್ಲ' ಅಂತ ಹೇಳೋಕೆ ಬರಲ್ಲ. ಅದು ಊಟ ಬಿಡುತ್ತೆ, ಅಷ್ಟೇ. ನಮ್ಮ ಊರುಗಳಲ್ಲಿ ನಾಯಿಗಳಿಗೆ ಮೇಲಿಂದ ಮೇಲೆ ಬರುವ ಟಿಕ್ ಫೀವರ್ ವಿಷಯವನ್ನೇ ನೋಡಿ. ಉಣುಗು ಕಚ್ಚಿ ಬರುವ ಈ ಜ್ವರದಲ್ಲಿ ಮೊದಲು ಕಾಣೋದು ಊಟ ಸೇರದಿರುವುದು, ಮಂಕಾಗಿ ಮಲಗುವುದು. ಬೇಗ ಗೊತ್ತಾದರೆ ಔಷಧಿಯಲ್ಲಿ ವಾಸಿಯಾಗುತ್ತೆ. ತಡವಾದರೆ ರಕ್ತ ಕಡಿಮೆಯಾಗಿ ಪ್ರಾಣಕ್ಕೇ ಕುತ್ತು.

ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಲ್ಲಿ ಇನ್ನೊಂದು ಅಪಾಯವಿದೆ. ಬೆದೆಗೆ ಬಂದುಹೋದ ಕೆಲವು ವಾರಗಳ ನಂತರ ಗರ್ಭಕೋಶದಲ್ಲಿ ಕೀವು ತುಂಬಿಕೊಳ್ಳಬಹುದು. ಪಯೋಮೆಟ್ರಾ ಅಂತಾರೆ. ಆಗಲೂ ಊಟ ಬಿಡುತ್ತೆ, ನೀರು ಮಾತ್ರ ಹೆಚ್ಚು ಹೆಚ್ಚು ಕುಡಿಯುತ್ತೆ.

ಬಟ್ಟಲು ಯಾವಾಗಲೂ ತುಂಬಿದ್ದು, ಖಾಲಿಯಾದಷ್ಟೂ ಯಾರೋ ಒಬ್ಬರು ಸುರಿಯುತ್ತಿದ್ದರೆ ಈ ಸುದ್ದಿ ನಿಮಗೆ ಮುಟ್ಟೋದೇ ಇಲ್ಲ. ಎರಡು ದಿನ ಕಳೆದ ಮೇಲೆ 'ಇದು ತಿಂದೇ ಇಲ್ವಲ್ಲ!' ಅಂತ ಗೊತ್ತಾಗುತ್ತೆ. ದೊಡ್ಡ ನಾಯಿ ಎರಡು ದಿನ ತಡೆದುಕೊಂಡೀತು. ನಾಲ್ಕು ಕೆ.ಜಿ.ಯ ಪುಟಾಣಿಗೆ ಅದೇ ಬಹಳ. ಅದೇ ಬೆಳಿಗ್ಗೆ ಎಂಟಕ್ಕೆ ಹಾಕಿದ ಊಟ ಎಂಟೂ ಇಪ್ಪತ್ತಕ್ಕೂ ಹಾಗೇ ಇದ್ದರೆ? ಆ ದಿನವೇ ನಿಮಗೆ ಅನುಮಾನ ಬಂದಿರುತ್ತೆ.

ಮನೆಯಲ್ಲಿ ಎರಡು ನಾಯಿಗಳಿದ್ದರಂತೂ ಕೇಳಲೇಬೇಡಿ. ಒಂದು ಎರಡರ ಪಾಲನ್ನೂ ತಿಂದು ದುಂಡಗಾಗಿರುತ್ತೆ, ಇನ್ನೊಂದು ಸೊರಗಿರುತ್ತೆ. ಬೇರೆ ಬೇರೆ ಬಟ್ಟಲು, ಬೇರೆ ಬೇರೆ ಮೂಲೆ ಮಾಡಿ.

ಚಿಕ್ಕ ದೇಹ, ಚಿಕ್ಕ ಲೆಕ್ಕ

ಐದು ಕೆ.ಜಿ. ತೂಗುವ, ಮನೆಯಲ್ಲೇ ಇರುವ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 300ರಿಂದ 350 ಕ್ಯಾಲರಿ. ಒಣ ಡಾಗ್ ಫುಡ್ ಆದರೆ ಹೆಚ್ಚುಕಡಿಮೆ 80ರಿಂದ 90 ಗ್ರಾಂ. ಅಂದ್ರೆ ಒಂದು ಹೊತ್ತಿಗೆ ಅರ್ಧ ಲೋಟದಷ್ಟು. 'ಇಷ್ಟೇನಾ?' ಅಂತ ನಿಮಗೆ ಅನ್ನಿಸಬಹುದು. ಹೌದು, ಇಷ್ಟೇ!

ಈಗ ಇನ್ನೊಂದು ಲೆಕ್ಕ ಹಾಕಿ. ಒಂದು ಮಾರಿ ಬಿಸ್ಕತ್ತಿನಲ್ಲಿ ಸುಮಾರು 25 ಕ್ಯಾಲರಿ ಇರುತ್ತೆ. ಬೆಳಿಗ್ಗೆ ಕಾಫಿ ಜೊತೆ ಅಜ್ಜಿ ಒಂದು, ಸ್ಕೂಲಿಂದ ಬಂದ ಮಕ್ಕಳು ಎರಡು, ಸಂಜೆ ಯಜಮಾನರು ಒಂದು. ನಾಲ್ಕು ಬಿಸ್ಕತ್ತು, ನೂರು ಕ್ಯಾಲರಿ. ಅದರ ಇಡೀ ದಿನದ ಊಟದ ಮೂರನೇ ಒಂದು ಭಾಗಕ್ಕೆ ಹತ್ತಿರ! ಇದರ ಮೇಲೆ ತುಂಬಿದ ಬಟ್ಟಲೂ ಇದ್ದರೆ ಮೈ ಬಾರದೆ ಇನ್ನೇನು?

ಐದು ಕೆ.ಜಿ.ಯ ನಾಯಿ ಅರ್ಧ ಕೆ.ಜಿ. ಹೆಚ್ಚಾಯಿತು ಅಂದ್ರೆ ಅರವತ್ತು ಕೆ.ಜಿ.ಯ ನಾವು ಆರು ಕೆ.ಜಿ. ಹೆಚ್ಚಾದ ಹಾಗೆ. ಮೊದಲೇ ಉಸಿರಾಟಕ್ಕೆ ಕಷ್ಟಪಡುವ ಪಗ್‌ಗೆ ಕೊಬ್ಬು ಸೇರಿದರೆ ಏದುಸಿರು. ಉದ್ದ ಬೆನ್ನಿನ ಡ್ಯಾಶ್‌ಹೌಂಡ್‌ಗೆ ಬೆನ್ನುಮೂಳೆಯ ತೊಂದರೆ. ಪೊಮೇರಿಯನ್‌ಗೆ ಮಂಡಿ ಚಿಪ್ಪು ಜಾರುವ, ಶ್ವಾಸನಾಳ ಕುಗ್ಗುವ ತೊಂದರೆಗಳು ಇನ್ನಷ್ಟು ಬಿಗಡಾಯಿಸುತ್ತವೆ.

ಹಿಡಿತದ ಊಟದಿಂದ ಆಯುಸ್ಸೂ ಹೆಚ್ಚುತ್ತೆ ಅನ್ನೋದಕ್ಕೆ ಒಂದು ಪುರಾವೆ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಹಾಕಿ ಅವುಗಳ ಜೀವಮಾನ ಪೂರ್ತಿ ಗಮನಿಸಿದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಹೆಚ್ಚು ಬದುಕಿದ್ದವು. ಲ್ಯಾಬ್ರಡಾರ್ ದೊಡ್ಡ ಜಾತಿ, ನಿಜ. ಆದರೆ ಬೊಜ್ಜು ಚಿಕ್ಕ ನಾಯಿಗೂ ಒಳ್ಳೆಯದು ಮಾಡಲ್ಲ.

ಪುಟ್ಟ ಮರಿಗಳ ವಿಷಯವೇ ಬೇರೆ

ಹಾಗಂತ ಎರಡು ತಿಂಗಳ ಮರಿಗೂ ಎರಡೇ ಹೊತ್ತು ಅಂತ ಶುರು ಮಾಡಬೇಡಿ! ಪುಟ್ಟ ಜಾತಿಯ ಮರಿಗಳ ಮೈಯಲ್ಲಿ ಸಕ್ಕರೆ ಅಂಶದ ದಾಸ್ತಾನು ತೀರಾ ಕಡಿಮೆ. ಕೆಲವು ಗಂಟೆ ಹೊಟ್ಟೆ ಖಾಲಿ ಇದ್ದರೆ ರಕ್ತದ ಸಕ್ಕರೆ ಕುಸಿದುಬಿಡುತ್ತೆ. ಮರಿ ತೂಕಡಿಸುತ್ತೆ, ತೂರಾಡುತ್ತೆ, ನಡುಗುತ್ತೆ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತೆ. 'ಆಡಿ ಸುಸ್ತಾಗಿದೆ, ಮಲಗಲಿ ಬಿಡು' ಅಂತ ಸುಮ್ಮನಾದರೆ ಅಪಾಯ.

ವಯಸ್ಸಿಗೆ ತಕ್ಕ ಹಾಗೆ ಹೀಗೆ ಹಾಕಿ:

* ಮೂರು ತಿಂಗಳವರೆಗೆ: ದಿನಕ್ಕೆ ನಾಲ್ಕು ಸಲ. ತೀರಾ ಪುಟಾಣಿ ಜಾತಿಗಳಿಗೆ ಐದಾರು ಸಲ ಆದರೂ ಸರಿ. ರಾತ್ರಿ ಮಲಗುವ ಮುಂಚೆ ಒಂದು ತುತ್ತು ಇರಲೇಬೇಕು.
* ಮೂರರಿಂದ ಆರು ತಿಂಗಳು: ಮೂರು ಸಲ.
* ಆರು ತಿಂಗಳ ಮೇಲೆ: ಎರಡು ಸಲ.

ದಿನಕ್ಕೆ ಒಂದೇ ಹೊತ್ತು ಹಾಕುವ ರೂಢಿ ಚಿಕ್ಕ ನಾಯಿಗೆ ಬೇಡ. ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದರೆ ಕೆಲವು ನಾಯಿಗಳು ಬೆಳಗಿನ ಜಾವ ಹಳದಿ ಪಿತ್ತ ಕಾರುತ್ತವೆ. ಅಂಥವಕ್ಕೆ ದಿನದ ಪಾಲಿನಲ್ಲೇ ಒಂದಿಷ್ಟು ತೆಗೆದಿಟ್ಟು ಮಲಗುವಾಗ ಕೊಡಿ.

ಮರಿ ತೂರಾಡುತ್ತಿದ್ದರೆ ಏನು ಮಾಡಬೇಕು? ಜೇನುತುಪ್ಪವನ್ನೋ, ಗಟ್ಟಿ ಸಕ್ಕರೆ ನೀರನ್ನೋ ಬೆರಳಲ್ಲಿ ಅದ್ದಿ ಒಸಡಿಗೆ ಸವರಿ, ಬೆಚ್ಚಗೆ ಟವೆಲ್ ಸುತ್ತಿ, ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಚ್ಚರವಿಲ್ಲದ ಮರಿಯ ಬಾಯಿಗೆ ನೀರು ಮಾತ್ರ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದೀತು.

ರೂಢಿ ಮಾಡಿಸೋದು ಹೇಗೆ?

ಇಷ್ಟು ದಿನ ಬಟ್ಟಲು ತುಂಬಿಟ್ಟೇ ಅಭ್ಯಾಸವಾಗಿದೆಯಾ? ಪರವಾಗಿಲ್ಲ. ಒಂದು ವಾರ, ಹತ್ತು ದಿನ ಹಿಡಿಯುತ್ತೆ, ಅಷ್ಟೇ.

ಮೊದಲು ತೂಕ ನೋಡಿ. ನಾಯಿ ತೂಕದ ಯಂತ್ರದ ಮೇಲೆ ಸುಮ್ಮನೆ ನಿಲ್ಲಲ್ಲ. ನೀವು ಅದನ್ನು ಎತ್ತಿಕೊಂಡು ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಡಾಗ್ ಫುಡ್ ಚೀಲದ ಹಿಂದೆ ತೂಕಕ್ಕೆ ತಕ್ಕ ಪ್ರಮಾಣ ಬರೆದಿರುತ್ತೆ. ಅದು ಒಂದು ಅಂದಾಜು. ಆಪರೇಷನ್ ಆದ, ಸೋಫಾ ಬಿಟ್ಟು ಇಳಿಯದ ನಾಯಿಗೆ ಅದಕ್ಕಿಂತ ಕಡಿಮೆಯೇ ಸಾಕಾಗಬಹುದು. ನಿಮ್ಮ ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ದಿನದ ಪಾಲನ್ನು ಬೆಳಿಗ್ಗೆಯೇ ಅಳೆದು ಒಂದು ಡಬ್ಬಿಯಲ್ಲಿ ಹಾಕಿಡಿ. ಆ ದಿನ ಅದರ ಬಾಯಿಗೆ ಹೋಗೋದೆಲ್ಲ ಆ ಡಬ್ಬಿಯಿಂದಲೇ. ನಿಮ್ಮ ಮನೆಯ ತಿಂಡಿ, ರಾತ್ರಿಯೂಟದ ಹೊತ್ತಿಗೇ ಅದರ ಊಟವನ್ನೂ ಹೊಂದಿಸಿದರೆ ಮರೆಯೋ ಪ್ರಶ್ನೆಯೇ ಇಲ್ಲ. ಬಟ್ಟಲು ಕೆಳಗಿಟ್ಟು ಹದಿನೈದು ಇಪ್ಪತ್ತು ನಿಮಿಷ ಬಿಡಿ. ತಿನ್ನಲಿ, ಬಿಡಲಿ, ಎತ್ತಿಬಿಡಿ. ಮೊದಲ ಒಂದೆರಡು ದಿನ ಮೂಸಿ ಹೊರಟುಹೋಗಬಹುದು. ಆಗ 'ಪಾಪ' ಅಂತ ಚಿಕನ್ ತುಂಡೋ, ತುಪ್ಪವೋ ಬೆರೆಸಿದಿರೋ, ಮುಗೀತು! ಹಟ ಹಿಡಿದರೆ ರುಚಿಯಾದದ್ದು ಸಿಗುತ್ತೆ ಅಂತ ಅದು ಕಲಿತುಬಿಡುತ್ತೆ. ನೀರಿನ ಬಟ್ಟಲು ಮಾತ್ರ ಸದಾ ತುಂಬಿರಲಿ.

ಮರಿಗಳಿಗೆ, ವಯಸ್ಸಾದವಕ್ಕೆ, ಔಷಧಿ ತೆಗೆದುಕೊಳ್ಳುತ್ತಿರುವ ನಾಯಿಗಳಿಗೆ ಈ ಪಟ್ಟು ಬೇಡ. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳುವ ನಾಯಿ ಊಟ ಬಿಟ್ಟರೆ ಇಂಜೆಕ್ಷನ್ ಕೊಡುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಿ.

ಅಂದ ಹಾಗೆ, ಇದರಿಂದ ನಿಮಗೂ ಒಂದು ಲಾಭವಿದೆ. ಮರಿಗಳು ಊಟವಾದ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಕಕ್ಕಸು ಮಾಡುತ್ತವೆ. ಊಟಕ್ಕೆ ಹೊತ್ತು ಗೊತ್ತಾದರೆ ಅದಕ್ಕೂ ಹೊತ್ತು ಗೊತ್ತಾಗುತ್ತೆ. ಸರಿಯಾದ ಸಮಯಕ್ಕೆ ಕೆಳಗೆ ಕರೆದುಕೊಂಡು ಹೋದರೆ ಹಾಲ್‌ನಲ್ಲಿ ಒರೆಸುವ ಕೆಲಸ ತಪ್ಪಿತಲ್ಲ!

ಅನ್ನ, ಮೊಸರು ಹಾಕುವ ಮನೆಗಳಲ್ಲಿ

ಮನೆಯ ಅಡುಗೆಯನ್ನೇ ಹಾಕುವವರಿಗಂತೂ ಬಟ್ಟಲು ತುಂಬಿಡುವ ಮಾತೇ ಬೇಡ. ಮೊಸರನ್ನವನ್ನೋ, ಬೇಯಿಸಿದ ಮೊಟ್ಟೆಯನ್ನೋ ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ. ಬೇಸಿಗೆಯಲ್ಲಿ ಬೇಗ ಕೆಡುತ್ತೆ. ಇರುವೆ, ಜಿರಳೆಗಳ ಕಾಟ ಬೇರೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಹುಳಿ ಹಾಕಲೇಬೇಡಿ, ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ಬರೀ ಮೊಸರನ್ನದಲ್ಲಿ ನಾಯಿಗೆ ಬೇಕಾದ ಪ್ರೋಟೀನ್, ಲವಣಗಳು ಸಾಲುವುದಿಲ್ಲ. ಏನೇನು ಸೇರಿಸಬೇಕು ಅಂತ ಪಶುವೈದ್ಯರಿಂದಲೇ ಬರೆಸಿಕೊಳ್ಳಿ.

ತುಂಬಿಟ್ಟರೂ ನಡೆಯೋದು ಯಾವಾಗ?

ಹಾಲೂಡುವ ತಾಯಿ ನಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಊಟ ಬೇಕಾಗುತ್ತೆ. ಅದರ ಬಟ್ಟಲು ತುಂಬಿರಲಿ. ಕೆಲವು ನಾಯಿಗಳು ಒಂದೊಂದೇ ಕಾಳು ಹೆಕ್ಕಿ ದಿನವಿಡೀ ತಿಂದರೂ ಸಪೂರವಾಗಿ, ಚುರುಕಾಗಿ ಇರುತ್ತವೆ. ಒಂಟಿ ನಾಯಿ, ಒಣ ಆಹಾರ, ತೂಕವೂ ಸರಿಯಾಗಿದೆ ಅಂದ್ರೆ ಬಲವಂತವಾಗಿ ಬದಲಾಯಿಸಬೇಕಿಲ್ಲ. ಆದರೆ ಅಳೆದು ಹಾಕಿ, ರಾತ್ರಿ ಎಷ್ಟು ಉಳಿದಿದೆ ಅಂತ ನೋಡಿ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರದ ಮನೆಗಳಲ್ಲಿ ಮರಿಯ ಆ ಹೊತ್ತಿನ ಪಾಲನ್ನು ಹೀಗೇ ಅಳೆದಿಟ್ಟು ಹೋಗಬಹುದು.

ತೂಕ ಸರಿಯಿದೆಯೇ ಅಂತ ತಿಳಿಯೋದು ಸುಲಭ. ಪಕ್ಕೆಯ ಮೇಲೆ ಮೆಲ್ಲಗೆ ಕೈಯಾಡಿಸಿ, ಎಲುಬು ಕೈಗೆ ಸಿಗಬೇಕು. ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಕೂದಲು ದಟ್ಟವಾಗಿರುವ ಪೊಮೇರಿಯನ್, ಶಿಟ್ಜುಗಳಲ್ಲಿ ಕಣ್ಣನ್ನು ನಂಬಬೇಡಿ, ಕೈಯನ್ನು ನಂಬಿ.

ಮನೆಯವರೆಲ್ಲ ಒಪ್ಪಬೇಕಲ್ಲ?

ಕಷ್ಟ ಇರೋದು ಇಲ್ಲೇ! ನಾಯಿಯನ್ನು ಒಪ್ಪಿಸಬಹುದು, ಅತ್ತೆಯವರನ್ನು ಒಪ್ಪಿಸೋದು ಹೇಗೆ? ಪ್ರೀತಿಯಿಂದ ಕೊಡೋ ಕೈಯನ್ನು 'ಬೇಡಿ' ಅಂತ ತಡೆದರೆ ಬೇಜಾರಾಗುತ್ತೆ. ಅದರ ಬದಲು ಆ ದಿನದ ಡಬ್ಬಿಯಿಂದ ಹತ್ತು ಹದಿನೈದು ಕಾಳು ಒಂದು ಪುಟ್ಟ ಬಟ್ಟಲಿಗೆ ಹಾಕಿ ಅವರ ಕೈಗೇ ಕೊಡಿ. 'ಇದು ನಿಮ್ಮ ಕೈಯಿಂದಲೇ ಆಗಲಿ ಅತ್ತೆ' ಅನ್ನಿ. ಬಿಸ್ಕತ್ತು, ತಿನಿಸು ಎಲ್ಲ ಸೇರಿ ದಿನದ ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ. ಊಟ ಹಾಕಿದವರು ಫ್ರಿಜ್ ಮೇಲಿನ ಚೀಟಿಯಲ್ಲಿ ಒಂದು ಗೀಟು ಹಾಕಲಿ. ಈ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರಿಗೂ ಜವಾಬ್ದಾರಿ ಬರುತ್ತೆ.

ತಡ ಮಾಡದೆ ಡಾಕ್ಟರಿಗೆ ತೋರಿಸಿ

* ಮರಿ ಸತತ ಎರಡು ಹೊತ್ತು ಊಟ ಬಿಟ್ಟರೆ
* ದೊಡ್ಡ ನಾಯಿ ಒಂದು ಇಡೀ ದಿನ ಏನೂ ತಿನ್ನದಿದ್ದರೆ
* ಊಟ ಬಿಡುವುದರ ಜೊತೆಗೆ ವಾಂತಿ, ಭೇದಿ, ಜ್ವರ, ಒಸಡು ಬಿಳಿಚಿಕೊಳ್ಳುವುದು ಕಂಡರೆ
* ಚೆನ್ನಾಗಿ ತಿಂದರೂ ಸೊರಗುತ್ತಾ, ವಿಪರೀತ ನೀರು ಕುಡಿಯುತ್ತಿದ್ದರೆ

ಡಾಕ್ಟರು ಮೊದಲು ಕೇಳೋದೇ 'ಯಾವಾಗಿನಿಂದ ತಿಂದಿಲ್ಲ?' ಅಂತ. ಫ್ರಿಜ್ ಮೇಲಿನ ಚೀಟಿ ನೋಡಿ 'ನಿನ್ನೆ ರಾತ್ರಿಯಿಂದ' ಅಂತ ನೀವು ಖಚಿತವಾಗಿ ಹೇಳಿದರೆ ಚಿಕಿತ್ಸೆ ಶುರು ಮಾಡೋಕೆ ಅದೇ ದೊಡ್ಡ ಸಹಾಯ.