ಹಾಲು ಸುರಿಸುವ ಗಿಡಗಳ ಕಡ್ಡಿ ನೆಡುವ ಕ್ರಮ

ಹೊಸಪೇಟೆಯ ಚಿತ್ತವಾಡ್ಗಿಯಂಥ ಬಯಲುಸೀಮೆಯ ಊರುಗಳಲ್ಲಿ ಬೇಲಿಗೆ ಬೊಂತೆಗಳ್ಳಿಯನ್ನೂ, ಮನೆ ಹಾಗೂ ಗುಡಿಯ ಅಂಗಳಕ್ಕೆ ದೇವಕಣಗಿಲೆಯನ್ನೂ ಬೆಳೆಸುವುದುಂಟು. ಎರಡೂ ಕಡ್ಡಿಯಿಂದ ಸುಲಭವಾಗಿ ಬರುತ್ತವೆ. ಆದರೆ ಕತ್ತರಿಸಿದೊಡನೆ ಸುರಿಯುವ ಹಾಲು ಚರ್ಮಕ್ಕೆ ತಗುಲಿದರೆ ಉರಿಯಾಗಬಹುದು. ಅದರಲ್ಲಿಯೂ ಕಳ್ಳಿಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಬೇಸಿಗೆಯ ಕೊನೆಯಲ್ಲಿ, ಮುಂಗಾರಿಗೆ ಮೊದಲು ಕಡ್ಡಿ ತೆಗೆಯುವುದು ಸೂಕ್ತ. ದೇವಕಣಗಿಲೆಗೆ ಬಲಿತ ಕೊಂಬೆಯ 30ರಿಂದ 45 ಸೆಂ.ಮೀ., ಕಳ್ಳಿಗೆ 15ರಿಂದ 20 ಸೆಂ.ಮೀ. ಉದ್ದ ಸಾಕು. ಕೈಗವಸು, ತುಂಬುತೋಳಿನ ಅಂಗಿ, ಕನ್ನಡಕ ಧರಿಸಿ ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ತಲೆಗಿಂತ ಎತ್ತರದ ಕೊಂಬೆಯನ್ನು ಅದರ ಕೆಳಗೆ ನಿಂತು ಕಡಿಯಬಾರದು. ಕಡಿದ ತುದಿಯನ್ನು ನೀರಿನಲ್ಲಿ ಅದ್ದಿ, ಹಾಲು ನಿಂತ ಮೇಲೆ ನೆರಳಿನಲ್ಲಿ ಒಂದೆರಡು ವಾರ ಒಣಗಿಸಬೇಕು. ಗಾಯ ಒಣಗುವ ಮೊದಲೇ ನೆಟ್ಟರೆ ಬುಡ ಕೊಳೆಯುತ್ತದೆ.

ಕರಿಮಣ್ಣು ನೀರನ್ನು ಹಿಡಿದಿಡುವುದರಿಂದ ಅದಕ್ಕೆ ಸಾಕಷ್ಟು ಮರಳು ಬೆರೆಸಬೇಕು. ಕಡ್ಡಿಯನ್ನು ಅಲುಗಾಡದಷ್ಟು ಆಳಕ್ಕೆ ನೆಟ್ಟು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡಬೇಕು. ಬೇರು ಬಿಡಲು ಒಂದೆರಡು ತಿಂಗಳು ಬೇಕಾದೀತು. ಅಷ್ಟರೊಳಗೆ ಕಿತ್ತು ನೋಡಬಾರದು.

ಕೆಲಸ ಮುಗಿದೊಡನೆ ಕೈ ಮತ್ತು ಚಾಕುವನ್ನು ಸೋಪಿನಿಂದ ತೊಳೆಯಬೇಕು. ಅಲ್ಲಿಯವರೆಗೆ ಕಣ್ಣು ಮುಟ್ಟಬಾರದು. ಹಾಲು ಕಣ್ಣಿಗೆ ಬಿದ್ದರೆ ತಡಮಾಡದೆ 15ರಿಂದ 20 ನಿಮಿಷ ಶುದ್ಧ ನೀರು ಹರಿಸಬೇಕು. ಎದೆಹಾಲು, ಹರಳೆಣ್ಣೆ ಹಾಕಬಾರದು. ಉರಿಯು ಕೆಲವು ಗಂಟೆಗಳ ಬಳಿಕ ಹೆಚ್ಚುವುದುಂಟು. ಆದ್ದರಿಂದ ಮೊದಲಿಗೆ ನೋವು ತಗ್ಗಿದಂತೆ ಕಂಡರೂ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕಡ್ಡಿಗಳ ಚೂರುಗಳನ್ನು ಮಕ್ಕಳ ಕೈಗೆ ಸಿಗದಂತೆ ಹೂಳುವುದು ಒಳ್ಳೆಯದು.