ಕಲ್ಲೂರಿನ ದಾರಿಗಳಲ್ಲಿ ನಾಯಿಯೊಡನೆ ನಡಿಗೆ

ವಯನಾಡಿನ ಜೈನ ಮನೆಗಳಿಗೆ ನಾಯಿ ಹೊಸದೇನಲ್ಲ. ಕಣದಲ್ಲಿ ಒಣಗಲು ಹರವಿದ ಕಾಫಿಗೆ ಕಾವಲು ಬೇಕು, ಮೆಣಸಿನ ಚೀಲ ಪೇರಿಸಿದ ಕೋಣೆಗೆ ಕಾವಲು ಬೇಕು. ಈಚಿನ ವರ್ಷಗಳಲ್ಲಿ ಪೇಟೆಯ ಮನೆಗಳಲ್ಲೂ ಮಕ್ಕಳ ಹಠಕ್ಕೆ ತಂದ ಜಾತಿನಾಯಿಗಳು ಕಾಣಿಸುತ್ತಿವೆ. ಹಿರಿಯರಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ನಾಯಿ, ಬೆಕ್ಕುಗಳಂತಹ ಮಾಂಸಾಹಾರಿ ಪ್ರಾಣಿಗಳನ್ನು ಸಾಕುವುದು ಅನರ್ಥದಂಡಕ್ಕೆ ಸೇರುತ್ತದೆ ಎನ್ನುವವರಿದ್ದಾರೆ. ಆ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಈಗಾಗಲೇ ಮನೆ ಸೇರಿ ನಮ್ಮನ್ನೇ ನಂಬಿಕೊಂಡಿರುವ ಜೀವದ ಬಗ್ಗೆ ಶ್ರಾವಕನ ಕರ್ತವ್ಯವೇನು? ಈ ಲೇಖನ ಆ ಕರ್ತವ್ಯದ ಒಂದು ಸಣ್ಣ ಭಾಗವಾದ ದಿನನಿತ್ಯದ ನಡಿಗೆಯನ್ನು ಕುರಿತದ್ದು.

ಕಟ್ಟಿಹಾಕುವುದೂ ಅತಿಚಾರವೇ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಪ್ರಾಣಿಯನ್ನು ಹೊಡೆಯುವುದು, ಅದರ ಅಂಗವನ್ನು ಕತ್ತರಿಸುವುದು, ಮಿತಿ ಮೀರಿ ಹೊರೆ ಹೊರಿಸುವುದು, ಅನ್ನ ನೀರು ತಪ್ಪಿಸುವುದು ಇವೆಲ್ಲ ತಪ್ಪೆಂದು ಯಾರಾದರೂ ಒಪ್ಪುತ್ತಾರೆ. ಆದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಬಂಧನ, ಎಂದರೆ ಪ್ರಾಣಿ ತನ್ನಿಷ್ಟದಂತೆ ಓಡಾಡಲಾಗದ ಹಾಗೆ ಕಟ್ಟಿಹಾಕುವುದು. ನಾಯಿಗೆ ಹೊತ್ತು ಹೊತ್ತಿಗೆ ಅನ್ನ ಹಾಕಿ, ಒಂದು ಏಟೂ ಹೊಡೆಯದೆ, ಬೆಳಗಿನಿಂದ ರಾತ್ರಿಯವರೆಗೆ ಎರಡು ಗಜದ ಸರಪಣಿಯಲ್ಲಿ ಬಿಗಿದಿಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅಂತಹ ನಾಯಿ ಬರಬರುತ್ತಾ ಬಂದುಹೋಗುವವರ ಮೇಲೆಲ್ಲ ಎಗರುತ್ತದೆ. ಆಗ ಅದಕ್ಕೆ ಕೆಟ್ಟ ನಾಯಿಯೆಂದು ಹೆಸರಿಟ್ಟು ಇನ್ನಷ್ಟು ಬಿಗಿಯುತ್ತೇವೆ.

ನಮ್ಮ ಪುರಾಣಗಳು ನಾಯಿಯನ್ನು ಕೀಳಾಗಿ ಕಂಡಿಲ್ಲ. ಜೀವಂಧರ ಕುಮಾರನ ಕಥೆಯನ್ನು ನೆನೆಯಬಹುದು. ಹೊಡೆತ ತಿಂದು ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಅವನು ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕಷ್ಟಕಾಲದಲ್ಲಿ ಅವನಿಗೆ ನೆರವಾಗುತ್ತದೆ. ವಾದೀಭಸಿಂಹನ ಕ್ಷತ್ರಚೂಡಾಮಣಿಯಲ್ಲಿರುವ ಈ ಕಥೆಯನ್ನು 1424ರಲ್ಲಿ ಭಾಸ್ಕರ ಕವಿ ‘ಜೀವಂಧರ ಚರಿತೆ’ಯೆಂದು ಕನ್ನಡಕ್ಕೆ ತಂದನು. ಸಾಯುವ ನಾಯಿಯ ಕಿವಿಗೆ ಮಂತ್ರ ಹೇಳಿದವನ ಪರಂಪರೆಯವರಾದ ನಾವು, ಬದುಕಿರುವ ನಾಯಿಗೆ ದಿನಕ್ಕೆ ಅರ್ಧ ಗಂಟೆ ಕೊಡಲಾರೆವೇ?

ಕಲ್ಲೂರಿನ ಪರಿಸರ

ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆ ಕಡೆಗೆ ಹೊರಟರೆ ನಾಯ್ಕಟ್ಟಿ ದಾಟಿದ ಮೇಲೆ ಕಲ್ಲೂರು ಸಿಗುತ್ತದೆ. ಅದರ ಮುಂದೆ ಮುತ್ತಂಗ, ಆಮೇಲೆ ಕರ್ನಾಟಕದ ಗಡಿ. ಹಿಂದೆ 212 ಎಂದು ಕರೆಯುತ್ತಿದ್ದ, ಈಗ 766 ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಊರಿನ ನಡುವೆಯೇ ಹಾದುಹೋಗುತ್ತದೆ. ನೂಲ್ಪುಳ ಪಂಚಾಯಿತಿಗೆ ಸೇರಿದ ಈ ಭಾಗದಲ್ಲಿ ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಕಾಫಿ, ಮೆಣಸು, ಅಡಿಕೆ. ತೋಟ ಮುಗಿದಲ್ಲಿ ಕಾಡು ಶುರು. 1973ರಲ್ಲಿ ಘೋಷಿತವಾದ ವಯನಾಡು ವನ್ಯಜೀವಿ ಅಭಯಾರಣ್ಯ 344 ಚದರ ಕಿಲೋಮೀಟರಿನಷ್ಟಿದೆ. ಇದರ ದಕ್ಷಿಣ ಭಾಗವಾದ ಮುತ್ತಂಗ ಅತ್ತ ಬಂಡೀಪುರಕ್ಕೂ ಇತ್ತ ಮುದುಮಲೆಗೂ ಹೊಂದಿಕೊಂಡಿದೆ. ಆನೆಗೆ ಪಂಚಾಯಿತಿಯ ಗಡಿಯಾಗಲಿ ರಾಜ್ಯದ ಗಡಿಯಾಗಲಿ ಗೊತ್ತಿಲ್ಲ. ‘ಕಲ್ಲೂರು ಕೊಂಬನ್’ ಎಂದು ಈ ಊರಿನ ಹೆಸರನ್ನೇ ಪಡೆದ ಒಂಟಿ ಸಲಗವನ್ನು 2016ರಲ್ಲಿ ಸೆರೆಹಿಡಿದು ಮುತ್ತಂಗದ ಆನೆ ಶಿಬಿರಕ್ಕೆ ಸಾಗಿಸಿದ್ದು ಬಹಳ ಜನರಿಗೆ ನೆನಪಿರಬಹುದು.

ಇಂತಹ ಊರಿನಲ್ಲಿ ನಡಿಗೆಗೆ ಚೆಲುವಾದ ದಾರಿಗಳಿಗೆ ಬರವಿಲ್ಲ. ಯಾವ ದಾರಿ, ಯಾವ ಹೊತ್ತು ಎಂಬುದನ್ನು ಮಾತ್ರ ತಿಳಿದು ಹೊರಡಬೇಕು.

ಯಾವ ದಾರಿ?

ಮೊದಲನೆಯದು ಸ್ವಂತ ತೋಟದ ಅಥವಾ ಪರಿಚಯದವರ ತೋಟದ ಒಳದಾರಿ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿ ನಿಂತಾಗ, ಆ ಪರಿಮಳದ ನಡುವೆ ನಡೆಯುವ ಸುಖವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಮರದ ನೆರಳಿರುವುದರಿಂದ ನಾಯಿಗೂ ತಂಪು. ಕೊಯ್ಲಿನ ಕಾಲದಲ್ಲಿ ಉದುರಿದ ಹಣ್ಣನ್ನಾಗಲಿ ಕಣದ ಕಾಫಿಯನ್ನಾಗಲಿ ನಾಯಿ ತಿನ್ನದಂತೆ ನೋಡಿಕೊಳ್ಳಿ. ಅದರಲ್ಲಿರುವ ಕೆಫೀನ್ ನಾಯಿಗೆ ವಿಷ. ಕಳೆನಾಶಕ ಸಿಂಪಡಿಸಿದ ತೋಟಕ್ಕೆ ಕೆಲವು ದಿನ ಹೋಗದಿರುವುದು ಲೇಸು.

ಎರಡನೆಯದು ಗದ್ದೆ ಬಯಲಿನ ಅಂಚಿನ ದಾರಿ. ‘ವಯನಾಡು’ ಎಂಬ ಹೆಸರು ‘ವಯಲ್ ನಾಡು’, ಎಂದರೆ ಗದ್ದೆಗಳ ನಾಡು ಎಂಬುದರಿಂದ ಬಂತೆನ್ನುತ್ತಾರೆ. ಬೆಳಗಿನ ಮಂಜು ಕರಗುವ ಹೊತ್ತಿಗೆ ಗದ್ದೆಯಲ್ಲಿ ಬೆಳ್ಳಕ್ಕಿಗಳು ಇಳಿಯುತ್ತವೆ. ದೃಷ್ಟಿಗೆ ಅಡ್ಡವಿಲ್ಲದ ಬಯಲಾದ್ದರಿಂದ ದೂರದಲ್ಲಿ ಏನಿದೆಯೆಂದು ಕಾಣುತ್ತದೆ. ಕಾಡಂಚಿನಲ್ಲಿ ಇದು ದೊಡ್ಡ ಅನುಕೂಲ. ಬದುವಿನ ಮೇಲೆ ಜನ ಬರಿಗಾಲಲ್ಲಿ ಓಡಾಡುತ್ತಾರೆ. ನಾಯಿಯ ಮಲದಿಂದ ಕೊಕ್ಕೆಹುಳು ಹರಡುವುದರಿಂದ ಹಳೆಯ ಪತ್ರಿಕೆಯೊಂದನ್ನು ಜೊತೆಗೆ ಒಯ್ದು ಮಲವನ್ನು ತೆಗೆದು ಹೂಳಬೇಕು. ಇದರಲ್ಲಿ ನಾಚಿಕೆ ಪಡಬೇಕಾದುದೇನೂ ಇಲ್ಲ.

ಹೆದ್ದಾರಿಯ ಬದಿಯನ್ನು ಮಾತ್ರ ಬಿಟ್ಟುಬಿಡಿ. ಬಂಡೀಪುರದೊಳಗೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ತಡೆಯಿದೆ. ಗೇಟು ತೆರೆದದ್ದೇ ತಡ, ಗುಂಡ್ಲುಪೇಟೆಯ ತರಕಾರಿ ಲಾರಿಗಳು ಸಾಲಾಗಿ ಇಳಿದುಬರುತ್ತವೆ. ನಡಿಗೆಗೆ ಹೊರಡುವ ಹೊತ್ತೂ ಅದೇ ಎಂಬುದನ್ನು ನೆನಪಿಡಬೇಕು.

ಅಭಯಾರಣ್ಯದೊಳಗೆ ಸಾಕುನಾಯಿಯನ್ನು ಕರೆದೊಯ್ಯುವಂತಿಲ್ಲ. ಬತ್ತೇರಿಯ ಬಸದಿಯ ದರ್ಶನವನ್ನೂ ನಾಯಿಯ ನಡಿಗೆಯನ್ನೂ ಒಂದೇ ಸಲಕ್ಕೆ ಮುಗಿಸುವ ಯೋಚನೆ ಬೇಡ. ಒಂದು ಕಾಲಕ್ಕೆ ಟಿಪ್ಪುವಿನ ಸೈನ್ಯದ ಮದ್ದುಗುಂಡುಗಳ ಉಗ್ರಾಣವಾಗಿ, ಊರಿಗೆ ‘ಬತ್ತೇರಿ’ ಎಂಬ ಹೆಸರು ಬರಲು ಕಾರಣವಾದ ಆ ಕಲ್ಲಿನ ಬಸದಿ ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿಗೆ ಬೇರೆ ದಿನ, ಮಡಿಯಾಗಿ, ಮಕ್ಕಳೊಡನೆ ಹೋಗೋಣ.

ನಾಲ್ಕು ಮೊಳದ ಹಗ್ಗ

ಕಟ್ಟಿಹಾಕಬಾರದೆಂದು ಹೇಳಿದ ನಾವೇ ಈಗ ಹಗ್ಗ ಹಿಡಿಯಿರಿ ಎನ್ನುತ್ತಿದ್ದೇವೆ. ಇದರಲ್ಲಿ ವಿರೋಧವಿಲ್ಲ. ಕಂಬಕ್ಕೆ ಬಿಗಿದ ಸರಪಣಿ ನಾಯಿಯನ್ನು ನಿಲ್ಲಿಸುತ್ತದೆ. ಕೈಯಲ್ಲಿ ಹಿಡಿದ ಹಗ್ಗ ಅದನ್ನು ನಡೆಸುತ್ತದೆ, ಜೊತೆಗೆ ಬೇರೆ ಜೀವಗಳನ್ನೂ ಕಾಯುತ್ತದೆ.

ಬಿಟ್ಟ ನಾಯಿ ಮೊಲವನ್ನು ಅಟ್ಟುತ್ತದೆ, ನೆಲದಲ್ಲಿ ಗೂಡುಕಟ್ಟುವ ಹಕ್ಕಿಯ ಮರಿಗಳನ್ನು ಹಿಡಿಯುತ್ತದೆ. ಮನೆಯಲ್ಲಿ ನೀರನ್ನು ಸೋಸಿ ಕುಡಿಯುವ ನಾವು ನಾಯಿಯನ್ನು ಗದ್ದೆಗೆ ಬಿಟ್ಟು ಸುಮ್ಮನಿದ್ದರೆ ಆ ಹಿಂಸೆಯಲ್ಲಿ ನಮ್ಮ ಪಾಲಿಲ್ಲವೇ? ಇನ್ನು ಆನೆಯ ಮಾತು. ಬಿಟ್ಟ ನಾಯಿ ಆನೆಗೆ ಬೊಗಳಿ ಕೆಣಕುತ್ತದೆ. ಆನೆ ತಿರುಗಿಬಿದ್ದರೆ ಓಡಿಬರುವುದು ಯಜಮಾನನ ಬಳಿಗೇ! ಚಿರತೆಗಂತೂ ನಾಯಿ ಮೆಚ್ಚಿನ ಆಹಾರ. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ ನಡೆದ ಅಧ್ಯಯನವೊಂದರಲ್ಲಿ, ತೂಕದ ಲೆಕ್ಕದಲ್ಲಿ ಚಿರತೆಗಳ ಆಹಾರದ ಸುಮಾರು ನೂರಕ್ಕೆ 39 ಭಾಗ ನಾಯಿಗಳೇ ಆಗಿದ್ದುವು.

ಕಣ್ಣಿಗೆ ಕಾಣದ ಹಿಂಸೆಯೂ ಒಂದಿದೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ಕಾಡಿನ ಪ್ರಾಣಿಗಳಿಗೂ ತಗಲುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಮೂರನೆಯ ಒಂದು ಭಾಗದಷ್ಟು ಸಿಂಹಗಳು ಈ ರೋಗಕ್ಕೆ ಬಲಿಯಾದುವು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅವುಗಳಲ್ಲಿ ಕೆಲವಕ್ಕೆ ಇದೇ ವೈರಸ್ ತಗಲಿದ್ದು ಗೊತ್ತಾಯಿತು. ಕಟ್ಟಿಹಾಕಿದ ಪ್ರಾಣಿಗಳ ಆಕ್ರಂದನ ಕೇಳಿ ಮದುವೆಯ ಮಂಟಪವನ್ನೇ ಬಿಟ್ಟು ನಡೆದ ನೇಮಿನಾಥ ಸ್ವಾಮಿಯ ನಿರ್ವಾಣಭೂಮಿಯಾದ ಗಿರನಾರ್ ಆ ಕಾಡಿನ ಹತ್ತಿರವೇ ಇದೆ. ಮುತ್ತಂಗದ ಅಂಚಿನಲ್ಲಿ ನಾಯಿ ಸಾಕುವವರು ರೇಬೀಸ್ ಲಸಿಕೆಯೊಂದಿಗೆ ಡಿಸ್ಟೆಂಪರ್ ಲಸಿಕೆಯನ್ನೂ ತಪ್ಪದೆ ಹಾಕಿಸಬೇಕು.

ಮುನಿಗಳು ನಡೆಯುವಾಗ ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾರೆ, ಅದು ಈರ್ಯಾಸಮಿತಿ. ನಾಯಿಯ ಹಗ್ಗವೂ ಹೆಚ್ಚು ಕಡಿಮೆ ನಾಲ್ಕು ಮೊಳ, ಎಂದರೆ ಆರು ಅಡಿ ಇದ್ದರೆ ಸಾಕು. ಮುನಿಗಳ ವ್ರತ ಗೃಹಸ್ಥರಿಗೆ ಸಾಧ್ಯವಿಲ್ಲ, ನಿಜ. ಆದರೂ ಹಗ್ಗದಷ್ಟು ದೂರದ ನೆಲವನ್ನು ಗಮನಿಸುತ್ತಾ ನಡೆದರೆ ಇರುವೆಯ ಸಾಲೂ ಉಳಿಯುತ್ತದೆ, ಹಾವಿದ್ದರೆ ಮೊದಲೇ ಕಾಣುತ್ತದೆ.

ಹೊತ್ತು ಮತ್ತು ಋತು

ಪೂರ್ತಿ ಬೆಳಕು ಹರಿದ ಮೇಲೆ ಹೊರಟು ಅಂಗಡಿ ಬಾಗಿಲು ತೆಗೆಯುವ ಮೊದಲು ಮರಳುವುದು ಒಳ್ಳೆಯದು. ಸಂಜೆಯ ನಡಿಗೆಗೆ ನಮ್ಮ ಮನೆಗಳಲ್ಲಿ ತಾನಾಗಿಯೇ ಒಂದು ಕಟ್ಟಳೆಯಿದೆ. ಸೂರ್ಯಾಸ್ತಕ್ಕೆ ಮುಂಚೆ ಊಟವಾಗಬೇಕಾದ್ದರಿಂದ ಅದಕ್ಕೂ ಮೊದಲೇ ಮನೆ ಸೇರಿರುತ್ತೇವೆ. ಆನೆ, ಚಿರತೆಗಳು ಓಡಾಡತೊಡಗುವ ಹೊತ್ತಿಗೆ ನಾಯಿ ಒಳಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಡಾಂಬರು ರಸ್ತೆಗೆ ಅಂಗೈಯ ಹಿಂಬದಿಯನ್ನು ಇಟ್ಟು ನೋಡಿ. ಐದು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆಂದು ತಿಳಿಯಿರಿ.

ಮಳೆಗಾಲದಲ್ಲಿ ಮುನಿಗಳು ಚಾತುರ್ಮಾಸ ಹಿಡಿದು ಒಂದೆಡೆ ನಿಲ್ಲುವುದು ನೆಲದ ತುಂಬ ಜೀವರಾಶಿ ಹುಟ್ಟುತ್ತದೆಂಬ ಕಾರಣಕ್ಕೆ. ನಾವು ಅಷ್ಟು ಮಾಡಲಾಗದಿದ್ದರೂ ಹುಲ್ಲು ಬಿಟ್ಟು ಗಟ್ಟಿ ದಾರಿಯಲ್ಲಿ ನಡೆಯಬಹುದು. ಇಂಬಳ ಹತ್ತಿದರೆ ಉಪ್ಪು ಹಾಕಿ ಕೊಲ್ಲಬೇಕಾಗಿಲ್ಲ. ಅದು ಕಚ್ಚಿದ ಜಾಗದ ಪಕ್ಕದಲ್ಲಿ ಉಗುರಿನಿಂದ ಮೆಲ್ಲಗೆ ಸರಿಸಿದರೆ ಹಿಡಿತ ಬಿಡುತ್ತದೆ. ಎತ್ತಿ ಒದ್ದೆ ಎಲೆಯ ಮೇಲೆ ಬಿಟ್ಟರಾಯಿತು.

ಬೇಸಿಗೆಯಲ್ಲಿ ಉಣ್ಣೆಯ ಕಾಟ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದದ್ದು. 2015ರಲ್ಲಿ ವಯನಾಡಿನಲ್ಲೂ ಜೀವಹಾನಿ ಮಾಡಿತು. ಮಂಗ ಸತ್ತುಬಿದ್ದ ಸುದ್ದಿ ಬಂದ ಕಡೆಗೆ ನಾಯಿಯನ್ನೂ ಒಯ್ಯಬಾರದು, ನಾವೂ ಹೋಗಬಾರದು. ಉಣ್ಣೆ ಮೈತುಂಬ ಹತ್ತಿದ ಮೇಲೆ ಕೊಲ್ಲುವುದಕ್ಕಿಂತ, ಪಶುವೈದ್ಯರನ್ನು ಕೇಳಿ ಅದು ಹತ್ತದಂತೆ ಮೊದಲೇ ನೋಡಿಕೊಳ್ಳುವುದರಲ್ಲಿ ಹಿಂಸೆ ಕಡಿಮೆ.

ಅಡಿಗೆಮನೆಯ ಒಂದು ಮಾತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಅವನ್ನು ಬಳಸದ ನಮ್ಮ ಮನೆಗಳಲ್ಲಿ ಆ ಚಿಂತೆಯಿಲ್ಲ. ಆದರೆ ಪ್ರೀತಿಯಿಂದ ಒಣದ್ರಾಕ್ಷಿ ಹಾಕುವವರಿದ್ದಾರೆ; ಅದೂ ನಾಯಿಗೆ ಅಪಾಯಕಾರಿ.

ದಾರಿಯಲ್ಲಿ ಸಿಗುವ ನಾಯಿಗಳು

ನಡಿಗೆಗೆ ಹೊರಟವರಿಗೆ ಬೀದಿನಾಯಿಗಳು ಎದುರಾಗದ ದಿನವಿಲ್ಲ. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅಸಾಧ್ಯವೆಂದೇ ಹೇಳಬೇಕು. ಅರಿಸಿನ, ಸುಣ್ಣ ಹಚ್ಚಿ ಕಾಯುವುದು ಪ್ರಾಣಕ್ಕೆ ಸಂಚಕಾರ.

ಬೀದಿನಾಯಿಯ ಪ್ರಶ್ನೆ ವ್ಯಾಪಾರಸ್ಥರಾದ ನಮಗೆ ಹಳೆಯದು. 1832ರಲ್ಲಿ ಮುಂಬಯಿಯಲ್ಲಿ ಬ್ರಿಟಿಷ್ ಸರ್ಕಾರ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರ್ಸಿಗಳು, ಜೈನರು, ಹಿಂದೂಗಳು ಪ್ರತಿಭಟಿಸಿ ಪೇಟೆಯನ್ನೇ ಮುಚ್ಚಿದರು. ಎರಡು ವರ್ಷದ ನಂತರ, 1834ರಲ್ಲಿ, ಸರ್ ಜಮ್‌ಸೇಟ್‌ಜಿ ಜೀಜೀಭಾಯಿ ಮತ್ತು ಅಮಿಚಂದ್ ಶಾ ಮುಂದಾಗಿ ಬಾಂಬೆ ಪಾಂಜರಾಪೋಳವನ್ನು ಸ್ಥಾಪಿಸಿದರು. ಕೊಲ್ಲಬೇಡಿ ಎಂದು ಹೇಳಿ ಮನೆಗೆ ಹೋಗಲಿಲ್ಲ, ಸಾಕುವ ಖರ್ಚಿಗೂ ಕೈಯಿಂದ ಹಣ ಹಾಕಿದರು ಎಂಬುದೇ ಅವರ ದೊಡ್ಡತನ.

ನಮ್ಮ ಪೇಟೆಗಳಲ್ಲಿ ಅಷ್ಟು ದೊಡ್ಡ ಸಂಸ್ಥೆ ಕಟ್ಟುವುದು ಆಗದಿರಬಹುದು. ಆದರೆ ಅಂಗಡಿಯ ಮುಂದೆ ಮಲಗುವ ನಾಲ್ಕು ನಾಯಿಗಳಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸುವ ವೆಚ್ಚ ಒಬ್ಬ ವ್ಯಾಪಾರಿಗೆ ಭಾರವಲ್ಲ. ಮಹಾವೀರ ಜಯಂತಿಯ ಸಂದರ್ಭದಲ್ಲಿ ಪಶುವೈದ್ಯರನ್ನು ಕರೆಸಿ ಒಂದು ಲಸಿಕೆ ಶಿಬಿರ ನಡೆಸಿದರೆ ಮೆರವಣಿಗೆಯಷ್ಟೇ ಪುಣ್ಯದ ಕೆಲಸವಾದೀತು. ಅದಕ್ಕೂ ಮೊದಲು, ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ, ಹಿತ್ತಿಲಲ್ಲಿ ಕಟ್ಟಿರುವ ನಾಯಿಯ ಸರಪಣಿಯನ್ನು ಬಿಚ್ಚಿ, ಕೊರಳಿಗೆ ಪಟ್ಟಿ ಹಾಕಿ, ಮಕ್ಕಳನ್ನೂ ಜೊತೆಗೆ ಕರೆದುಕೊಂಡು ತೋಟದ ದಾರಿಯಲ್ಲಿ ಅರ್ಧ ಗಂಟೆ ನಡೆದು ಬನ್ನಿ.